ನೂರಿಪ್ಪತ್ತರಿಂದ ಅರವತ್ತಕ್ಕೆ

ಆ ಗುರುವಾರ ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹೈದರಾಬಾದಿನ ಮಿಯಾಪುರದಿಂದ ಹೊರಟ ಮೆಟ್ರೋ ಕೂಕಟ್‌ಪಲ್ಲಿ ದಾಟಿದ ಮೇಲೆ ಕಂಬಗಳ ನೆತ್ತಿಯಲ್ಲೇ ನಿಂತುಬಿಡಬಹುದಿತ್ತು. ಅಮೀರ್‌ಪೇಟೆಯಲ್ಲಿ ಗಾಡಿ ಬದಲಿಸುವಾಗ ಎಸ್ಕಲೇಟರಿನ ಹಲ್ಲಿಗೆ ನನ್ನ ಚಪ್ಪಲಿ ಸಿಕ್ಕಿಕೊಳ್ಳಬಹುದಿತ್ತು. ಕಣ್ಣಿನ ಸರ್ಟಿಫಿಕೇಟು, ಅದರ ಎರಡು ಜೆರಾಕ್ಸು, ಜೆರಾಕ್ಸಿನ ಮೇಲಿನ ಸಹಿ, ಎಲ್ಲವೂ ಮಾತಾಡಿಕೊಂಡಂತೆ ಒಟ್ಟಿಗೆ ಕಾಣೆಯಾಗಬಹುದಿತ್ತು. ಹಬ್ಸಿಗೂಡದಲ್ಲಿ ಹತ್ತಿದ ಷೇರ್ ಆಟೋ ನಾಚಾರಂ ಬಿಟ್ಟು ಉಪ್ಪಲ್ ಕಡೆಗೆ ತಿರುಗಬಹುದಿತ್ತು. ಬೆಳಿಗ್ಗೆ ತಿಂದ ಒಗ್ಗರಣೆ ಅವಲಕ್ಕಿ ಹೊಟ್ಟೆಯಲ್ಲಿ ದಂಗೆ ಏಳಬಹುದಿತ್ತು. ಕಾರ್ಖಾನೆಯಲ್ಲಿ ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದು ದೀಪ ಹೋಗಬಹುದಿತ್ತು. ದೀಪವೂ ಇದ್ದು ನನ್ನ ಕಣ್ಣೇ ಹೋಗಬಹುದಿತ್ತು. ಬಂದ ಆಡಿಟರು ಕೆಂಪನ್ನು ತೋರಿಸಿ ಇದು ಯಾವ ಬಣ್ಣ ಎಂದು ಕೇಳಿದಾಗ, ಗೊತ್ತಿದ್ದೂ ನನ್ನ ಬಾಯಿಂದ ಹಸಿರು ಎಂದು ಬರಬಹುದಿತ್ತು. ಇಷ್ಟೆಲ್ಲದರ ನಡುವೆ ಫೋನು ಕಿಸೆಯಲ್ಲೇ ಕಾದು ಸಿಡಿಯಬಹುದಿತ್ತು.

ಇದನ್ನೆಲ್ಲ ನಾನು ಬುಧವಾರವೇ ಚಿಂತಿಸಿ ಮುಗಿಸಿದ್ದೆ. ಚಿಂತೆಯ ಕೆಲಸವನ್ನು ನಾಳೆಗೆ ಉಳಿಸುವ ಅಭ್ಯಾಸ ನನಗಿಲ್ಲ. ಉಳಿದ ಕೆಲಸಗಳ ವಿಷಯದಲ್ಲಿ ಬೇಕಾದರೆ ನನ್ನ ಹೆಂಡತಿ ಸುಮಿತ್ರೆಯನ್ನು ಕೇಳಿ, ಬೇರೆಯೇ ಕಥೆ ಹೇಳುತ್ತಾಳೆ.

ಗುರುವಾರದ ಸಂಗತಿ ಹೀಗೆ. ನಾಚಾರಂನ ಕಾರ್ಖಾನೆಗಳ ಸಾಲಿನಲ್ಲಿ ಪ್ಲಾಸ್ಟಿಕ್ ಪ್ಯಾಕೆಟ್ಟು ಅಚ್ಚುಹಾಕುವ ಒಂದು ಘಟಕವಿದೆ. ನೀವು ಅಂಗಡಿಯಲ್ಲಿ ಉಪ್ಪಿನಕಾಯಿಯನ್ನೋ ಚಿಪ್ಸನ್ನೋ ಕೊಂಡು, ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದು ಬಿಸಾಡುತ್ತೀರಲ್ಲ, ಆ ಹರಿದ ತುಂಡಿನ ಮೇಲಿನ ಚಿತ್ರ ನಮ್ಮಲ್ಲಿ ಹುಟ್ಟಿದ್ದು. ನಾನು ಅಲ್ಲಿ ಇಪ್ಪತ್ತಾರು ವರ್ಷದಿಂದ ನೋಡುವ ಕೆಲಸದಲ್ಲಿದ್ದೇನೆ. ಯಾರಾದರೂ ಏನು ಕೆಲಸ ಎಂದು ಕೇಳಿದರೆ ‘ನೋಡಿಕೊಳ್ಳುತ್ತೇನೆ’ ಎನ್ನುತ್ತೇನೆ. ಅವರು ನನ್ನನ್ನು ಮ್ಯಾನೇಜರ್ ಎಂದುಕೊಳ್ಳುತ್ತಾರೆ. ನಿಜಕ್ಕೂ ನಾನು ನೋಡುತ್ತೇನೆ, ಅಷ್ಟೇ. ಓಡುವ ಪ್ಲಾಸ್ಟಿಕ್ ಹಾಳೆಯ ಮೇಲೆ ಬಣ್ಣ ಜಾಗ ಬಿಟ್ಟು ಕೂತಿದೆಯೇ, ಕಲೆ ಬಿದ್ದಿದೆಯೇ ಎಂದು ಎಂಟು ಗಂಟೆ ನೋಡುತ್ತೇನೆ.

ಆ ದಿನ ಒಂದು ಉಪ್ಪಿನಕಾಯಿ ಕಂಪನಿಯ ಆಡಿಟರು ಬರುವವರಿದ್ದರು. ತಪಾಸಣೆ ಮಾಡುವವರ ಕಣ್ಣು ಸರಿಯಿದೆ ಎಂಬ ವೈದ್ಯರ ಕಾಗದ ಬೇಕು ಎಂದು ತಿಂಗಳ ಮುಂಚೆಯೇ ಪತ್ರ ಬರೆದಿದ್ದರು. “ಕಣ್ಣು ಪಾಸಾಗದವರನ್ನ ಗೋದಾಮಿಗೆ ಕಳಿಸೋದೇ ಮಾಸ್ಟರ್” ಎಂದು ಮಾಲೀಕರು ತಮ್ಮ ತೆಲುಗಿನಲ್ಲಿ ನಗುತ್ತಲೇ ಹೇಳಿದ್ದರು. ತಪಾಸಣೆಗೆ ಇರುವವನು ನಾನೊಬ್ಬನೇ. ಹೀಗಾಗಿ ಆ ನಗೆಯನ್ನು ಹಂಚಿಕೊಳ್ಳಲು ನನಗೆ ಜೊತೆ ಯಾರೂ ಇರಲಿಲ್ಲ.

ಗೋದಾಮು ಅಂದರೆ ಹಿಂದಿನ ತಗಡಿನ ಶೆಡ್ಡು. ಅಲ್ಲಿಗೆ ಹೋದವರು ತಿರುಗಿ ಮಷೀನಿನ ಹತ್ತಿರ ಬಂದದ್ದನ್ನು ನಾನು ಕಂಡಿಲ್ಲ. ಸುರುಳಿಗಳನ್ನು ಎಣಿಸುವುದು, ಚೀಟಿ ಅಂಟಿಸುವುದು, ಬೇಸಿಗೆಯಲ್ಲಿ ಬೇಯುವುದು. ಒಂದೆರಡು ವರ್ಷದಲ್ಲಿ ಜನ ಅವರ ಹೆಸರನ್ನೂ ಮರೆತು ‘ಗೋದಾಮು’ ಎಂದೇ ಕರೆಯುತ್ತಾರೆ. ‘ಗೋದಾಮುನಿ ಪಿಲು’ ಎಂದು ತೆಲುಗಿನಲ್ಲಿ ಕೂಗಿದರೆ ಗೋದಾಮನ್ನು ಕರೆ ಎಂದರ್ಥ. ಒಬ್ಬ ಮನುಷ್ಯ ಬರುತ್ತಾನೆ.

ಅದೇ ತಿಂಗಳು ನನ್ನ ಮಗಳು ಪಲ್ಲವಿ ನನಗೊಂದು ಫೋನು ತಂದುಕೊಟ್ಟಳು. ಅವಳು ಕೂಕಟ್‌ಪಲ್ಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಮಕ್ಕಳಿಗೆ ವಿವರಿಸಿ ವಿವರಿಸಿ, ಮನೆಯಲ್ಲೂ ಬೋರ್ಡಿನ ಮುಂದೆ ನಿಂತವಳ ಹಾಗೇ ಮಾತಾಡುತ್ತಾಳೆ.

“ಅಪ್ಪಾ, ಇದರ ಪರದೆ ಒಂದು ಸೆಕೆಂಡಿಗೆ ನೂರಿಪ್ಪತ್ತು ಸಲ ಹೊಸದಾಗಿ ಚಿತ್ರ ತೋರಸ್ತೈತಿ. ನಿನ್ನ ಹಳೇದು ಅರವತ್ತು ಸಲ. ಬೆರಳು ಎಳದು ನೋಡು, ತುಪ್ಪದಾಗ ಜಾರಿದಂಗ ಜಾರ್ತೈತಿ.”

ನಾನು ಎಳೆದು ನೋಡಿದೆ. ಜಾರಿತು. ಹಳೆಯದೂ ಹೀಗೆಯೇ ಜಾರುತ್ತಿತ್ತು.

“ಮಷೀನಿನ ಸ್ಪೀಡ್ ಎಷ್ಟು?” ಎಂದು ಕೇಳಿದೆ.

“ಯಾವ ಮಷೀನು?”

“ಚಿತ್ರ ಓಡಸೋ ಮಷೀನು.”

ಪಲ್ಲವಿ ತಾಯಿಯ ಮುಖ ನೋಡಿದಳು. ಸುಮಿತ್ರೆ, “ಅವರಿಗೆ ಫೋನ್ ಕೊಟ್ಟರೂ ಅಷ್ಟ, ಫ್ಯಾಕ್ಟರಿ ಕೊಟ್ಟರೂ ಅಷ್ಟ” ಎಂದು ಹಿಟ್ಟು ನಾದುವುದಕ್ಕೆ ಹೋದಳು.

ನನ್ನ ಪ್ರಶ್ನೆ ಅಷ್ಟು ದಡ್ಡತನದ್ದೇನೂ ಅಲ್ಲ. ನನ್ನ ಕೈಯಲ್ಲಿ ಸ್ಟ್ರೋಬ್ ಎಂಬ ಮಿಟುಕುವ ದೀಪವಿರುತ್ತದೆ. ಅದಕ್ಕೊಂದು ತಿರುಗಣೆ. ಹಾಳೆ ಕಣ್ಣಿಗೆ ಬರೀ ಬಣ್ಣದ ಪ್ರವಾಹವಾಗಿ ಓಡುತ್ತಿರುತ್ತದೆ. ಒಂದು ಪ್ಯಾಕೆಟ್ಟಿನ ಚಿತ್ರ ದಾಟಿಹೋಗಲು ಎಷ್ಟು ಹೊತ್ತು ಬೇಕೋ ಅಷ್ಟಕ್ಕೊಂದು ಸಲ ದೀಪ ಮಿಟುಕುವಂತೆ ತಿರುಗಣೆ ಹೊಂದಿಸಿದರೆ, ಓಡುವ ಹಾಳೆ ಗಕ್ಕನೆ ನಿಂತಂತೆ ಕಾಣುತ್ತದೆ. ಓಡುತ್ತಲೇ ಇರುತ್ತದೆ, ಆದರೆ ಮಾವಿನಕಾಯಿ, ಎಲೆ, ಅಕ್ಷರ ಎಲ್ಲ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಂತೆ ನಿಂತಿರುತ್ತವೆ. ಮೊದಲ ದಿನ ಅದನ್ನು ನೋಡಿದಾಗ ನನಗೆ ದೇವರು ಕಂಡಷ್ಟು ಸಂತೋಷವಾಗಿತ್ತು. ಅಂಥವನಿಗೆ ಬಂದು ನೂರಿಪ್ಪತ್ತು ಎಂದರೆ, ಯಾವುದಕ್ಕೆ ನೂರಿಪ್ಪತ್ತು ಎಂದು ಅವನು ಕೇಳದೆ ಇರುತ್ತಾನೆಯೇ?

ಅದಿರಲಿ. ನೂರಿಪ್ಪತ್ತರಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ ಎಂದು ಪಲ್ಲವಿಯೇ ಬಾಯಿ ತಪ್ಪಿ ಹೇಳಿಬಿಟ್ಟಳು. ಅಷ್ಟು ಸಾಕಾಯಿತು. ಅವಳು ಅತ್ತ ಹೋದ ಕೂಡಲೇ ಸೆಟ್ಟಿಂಗ್ಸು, ಡಿಸ್‌ಪ್ಲೇ, ರಿಫ್ರೆಶ್ ರೇಟು ಎಂದು ಒಂದೊಂದೇ ಮೆಟ್ಟಿಲು ಇಳಿದು ಅರವತ್ತಕ್ಕೆ ಇಟ್ಟೆ. ಮನಸ್ಸು ತಂಪಾಯಿತು.

ಈ ಇಳಿಸುವ ಚಟ ನನ್ನದಲ್ಲ, ಮನೆತನದ್ದು. ಸೇಡಂನ ನಮ್ಮ ಮನೆಯಲ್ಲಿ ಕರೆಂಟು ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು. ಕಂದೀಲು ಹಚ್ಚಿದ ಮರುಕ್ಷಣ ಅಪ್ಪನ ಕೈ ಅದರ ತಿರುಪಿಗೆ ಹೋಗುತ್ತಿತ್ತು. “ಬತ್ತಿ ಇಳಸು, ಗಾಜು ಒಡದೀತು.” ಗಾಜು ಯಾವತ್ತೂ ಒಡೆದದ್ದಿಲ್ಲ, ಒಡೆಯದೆ ಇದ್ದದ್ದೇ ಇಳಿಸಿದ್ದಕ್ಕೆ ಪುರಾವೆಯಾಯಿತು. ಆ ಅರೆಬೆಳಕಿನಲ್ಲಿ ಅವ್ವ ಮೊರದಲ್ಲಿ ಬೇಳೆ ಹರವಿಕೊಂಡು ಹರಳು ಆರಿಸುತ್ತಿದ್ದಳು. ಕಣ್ಣಿಗಿಂತ ಬೆರಳನ್ನೇ ನಂಬಿದ್ದಳು. ಊಟದಲ್ಲಿ ಕಟಕ್ಕೆಂದು ಹರಳು ಸಿಕ್ಕರೆ ಅಪ್ಪ ಅವಳ ಕಡೆ ನೋಡುತ್ತಿದ್ದ. ಅವಳು ಕಂದೀಲಿನ ಕಡೆ ನೋಡುತ್ತಿದ್ದಳು. ಅಪ್ಪ ಹರಳನ್ನು ತಟ್ಟೆಯ ಅಂಚಿನಲ್ಲಿ ಇಟ್ಟು ಉಣ್ಣುತ್ತಿದ್ದ. ಇಡೀ ಸಂಸಾರ ಹೀಗೆ ಮಾತಿಲ್ಲದೆ ನಡೆಯಿತು.

ನಾನು ಅದೇ ಬೆಳಕಿನಲ್ಲಿ ನೋಟ್‌ಬುಕ್ಕಿನ ಮೂಲೆಯಲ್ಲಿ ಒಬ್ಬ ಮನುಷ್ಯನನ್ನು ಬರೆಯುತ್ತಿದ್ದೆ. ಮುಂದಿನ ಹಾಳೆಯಲ್ಲಿ ಅವನ ಕಾಲು ತುಸು ಮುಂದೆ, ಅದರ ಮುಂದಿನದರಲ್ಲಿ ಇನ್ನಷ್ಟು ಮುಂದೆ. ಹಾಳೆಗಳನ್ನು ಹೆಬ್ಬೆರಳಿನಿಂದ ಫರ್ರನೆ ಬಿಟ್ಟರೆ ಮನುಷ್ಯ ನಡೆಯುತ್ತಿದ್ದ. ನೋಟ್‌ಬುಕ್ಕು ಬೇಗ ತೀರುತ್ತದೆ ಎಂಬ ಭಯಕ್ಕೆ ಒಂದು ಹಾಳೆ ಬಿಟ್ಟು ಒಂದರಲ್ಲಿ ಬರೆಯಲು ಶುರುಮಾಡಿದೆ. ಆ ಮೇಲೆ ಅವನು ಕುಂಟಿದ. ಕುಂಟನ ಚಿತ್ರ ಬರೆದಿದ್ದೇನೆ ಎಂದು ಗೆಳೆಯರಿಗೆ ಹೇಳಿ ಪಾರಾದೆ.

ಫೋನಿಗೆ ಬರೋಣ. ನಾಲ್ಕನೆಯ ದಿನ ಪಲ್ಲವಿ ಅದನ್ನು ಕೈಗೆ ತೆಗೆದುಕೊಂಡವಳೇ, ಒಂದು ಸಲ ಬೆರಳು ಎಳೆದು, “ಅರವತ್ತಕ್ಕ ಇಳಸೀಯೇನು?” ಅಂದಳು.

ನನಗೆ ಆಶ್ಚರ್ಯ. “ನಿನಗ ಹೆಂಗ ಗೊತ್ತಾತು?”

“ಕಾಣಸಾಕತ್ತೈತಲ್ಲಪ್ಪ! ತಡದು ತಡದು ಹೋಗಾಕತ್ತೈತಿ.”

ಅಡಿಗೆಮನೆಯಿಂದ ಸುಮಿತ್ರೆಯನ್ನು ಕರೆದು ತೋರಿಸಿದಳು. ಒಮ್ಮೆ ಅರವತ್ತು, ಒಮ್ಮೆ ನೂರಿಪ್ಪತ್ತು. ಸುಮಿತ್ರೆ ಕೈಯ ಹಿಟ್ಟು ತಾಗದ ಹಾಗೆ ಕಿರುಬೆರಳಿನಿಂದ ಎಳೆದು, “ಹೌದವ್ವ, ಇದು ನುಣ್ಣಗೈತಿ, ಅದು ಗರಗರ” ಎಂದಳು. ನನ್ನ ಹೆಂಡತಿ, ಸೂಜಿಗೆ ದಾರ ಪೋಣಿಸಲು ಪಕ್ಕದ ಫ್ಲ್ಯಾಟಿನವರನ್ನು ಕರೆಯುವವಳು, ಅವಳಿಗೆ ಕಂಡಿತು. ನನಗೆ ಕಾಣಲಿಲ್ಲ. ಮನೆಯಲ್ಲಿ ನೋಡುವುದಕ್ಕೇ ಸಂಬಳ ತೆಗೆದುಕೊಳ್ಳುವವನು ನಾನೊಬ್ಬ, ಕಾಣದವನೂ ನಾನೊಬ್ಬ.

ಅಲ್ಲಿಂದ ನನ್ನ ತಲೆಯೊಳಗೆ ಒಂದು ಹುಳ ಕೊರೆಯಲು ಶುರುಮಾಡಿತು. ಕಣ್ಣು ಹೋಗಿದೆ. ಯಾವಾಗ ಹೋಯಿತೋ ಗೊತ್ತಿಲ್ಲ. ಇಷ್ಟು ದಿನ ಅಭ್ಯಾಸಬಲದಿಂದ ನೋಡಿದಂತೆ ಮಾಡಿದ್ದೇನೆ. ಇನ್ನು ಡಾಕ್ಟರು ಅದನ್ನು ಕಾಗದದ ಮೇಲೆ ಬರೆಯುತ್ತಾರೆ, ಮಾಲೀಕರು ನಗುತ್ತಾರೆ, ಯಾರೋ ‘ಗೋದಾಮುನಿ ಪಿಲು’ ಎನ್ನುತ್ತಾರೆ, ನಾನು ಹೋಗುತ್ತೇನೆ.

ಪರೀಕ್ಷೆಗೆ ಮೊದಲು ಅಭ್ಯಾಸ ಮಾಡೋಣ ಎಂದುಕೊಂಡೆ. ಫೋನಿನಲ್ಲಿ ಬಿಲ್ಡ್ ನಂಬರ್ ಎಂಬ ಸಾಲನ್ನು ಏಳು ಸಲ ಕುಟ್ಟಿದರೆ ನೀವು ಈಗ ಡೆವಲಪರ್ ಎಂದು ಅದು ಘೋಷಿಸುತ್ತದೆ. ಇಪ್ಪತ್ತಾರು ವರ್ಷದಲ್ಲಿ ನನಗೆ ಸಿಕ್ಕ ಒಂದೇ ಬಡ್ತಿ. ಆಮೇಲೆ ಅಲ್ಲೊಂದು ಗುಂಡಿ ಒತ್ತಿದರೆ ಪರದೆಯ ಮೂಲೆಯಲ್ಲಿ ಆ ಕ್ಷಣದ ಅಂಕಿ ಕಾಣುತ್ತಿರುತ್ತದೆ. ಬೆರಳು ಆಡಿಸಿದರೆ ನೂರಿಪ್ಪತ್ತು. ಸುಮ್ಮನೆ ಬಿಟ್ಟರೆ, ಸಾಹೇಬರು ಎದ್ದು ಹೋದ ಆಫೀಸಿನಂತೆ, ತಾನೇ ಅರವತ್ತಕ್ಕೆ ಇಳಿಯುತ್ತದೆ. ಮಿಯಾಪುರದಿಂದ ಅಮೀರ್‌ಪೇಟೆಯವರೆಗೆ ನಾನು ಆ ಅಂಕಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಪರದೆಯನ್ನು ಮೇಲೆ ಕೆಳಗೆ ಎಳೆದು ಬಿಟ್ಟು, ‘ನೂರಿಪ್ಪತ್ತು’ ಎಂದೋ ‘ಇಳಿಯಿತು, ಅರವತ್ತು’ ಎಂದೋ ಪಿಸುಗುಟ್ಟಿ, ಹೆಬ್ಬೆರಳು ತೆಗೆದು ನೋಡುತ್ತಿದ್ದೆ. ಎರಡಕ್ಕೊಂದು ಸಲ ಸರಿಯಾಗುತ್ತಿತ್ತು. ನಾಣ್ಯ ಚಿಮ್ಮಿದರೂ ಅಷ್ಟೇ ಆಗುತ್ತಿತ್ತು. ಎದುರು ಸೀಟಿನವರು ಒಬ್ಬೊಬ್ಬರಾಗಿ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದರು.

ಮನೆಯಲ್ಲೂ ಇದೇ ಆಟ. ಒಂದು ಸಂಜೆ ಸುಮಿತ್ರೆ ನನ್ನ ಹೆಗಲ ಮೇಲಿಂದ ಬಗ್ಗಿ ಮೂಲೆಯ ಅಂಕಿ ನೋಡಿದಳು. “ಮ್ಯಾಲಿಂದು ನೂರಿಪ್ಪತ್ತು ಐತಿ. ಭಾಳ ಚಲೋ ಆತು. ಕೆಳಗಿಂದು ಎಂಬತ್ತು ಐತೇನು ನೋಡ್ರಿ, ಇಲ್ಲಾಂದ್ರ ಬೀಪಿ ಗುಳಿಗಿ ತಗೋಳ್ರಿ.”

ಮಗಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಇವರಿಗೆ ಹೇಳಿಕೊಳ್ಳಲಾರೆ ಎಂದು ಗೊತ್ತಾದದ್ದು ಆಗಲೇ.

ಹೇಳಿಕೊಂಡದ್ದು ಶರಣಮ್ಮನ ಹತ್ತಿರ. ಗುರುಮಠಕಲ್ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದವಳು, ಮಿಯಾಪುರದ ಎಷ್ಟೋ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊತ್ತಿದ್ದಾಳೆ. ನಮ್ಮ ಅಪಾರ್ಟ್‌ಮೆಂಟಿಗೂ ಹೊತ್ತಿರಬಹುದು; ನಾನು ಕೇಳಿಲ್ಲ, ಕೇಳಲು ಒಂಥರಾ ಆಗುತ್ತದೆ. ಬೆನ್ನು ಕೈಕೊಟ್ಟ ಮೇಲೆ ನಮ್ಮ ಕಾರ್ಖಾನೆಗೆ ಸೇರಿದಳು. ಅಚ್ಚಾಗಿ ಬಂದ ಹಾಳೆಯನ್ನು ನಿಧಾನವಾಗಿ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತುವ ರಿವೈಂಡರ್ ಯಂತ್ರ ಅವಳದು. ತೆಲುಗು, ಹಿಂದಿಗಳ ಆ ಗದ್ದಲದಲ್ಲಿ ಕನ್ನಡ ಬರುವವರು ನಾವಿಬ್ಬರೇ. ಎಂಟು ವರ್ಷದಿಂದ ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಡಬ್ಬಿಯ ಮುಚ್ಚಳದಲ್ಲಿ ಅರ್ಧ ರೊಟ್ಟಿ, ಪುಂಡಿಪಲ್ಯ ಇಟ್ಟು ನನ್ನ ಕಡೆ ಸರಿಸುತ್ತಾಳೆ. ನಾನು ಸುಮಿತ್ರೆಯ ಚಪಾತಿ ಸರಿಸುತ್ತೇನೆ. ಈ ವ್ಯಾಪಾರದಲ್ಲಿ ಲಾಭ ನನ್ನದೇ.

“ಅಣ್ಣಾರ, ಮಾರಿ ಯಾಕ ಹಿಂಗ ಮಾಡ್ಕೊಂಡೀರಿ? ರೊಟ್ಟಿ ಬಿರುಸ ಆಗ್ಯಾವೇನು?”

ನಾನು ಫೋನು ತೆಗೆದು ಕೊಟ್ಟು, ಎರಡು ಸಲ ಬದಲಿಸಿ ತೋರಿಸಿದೆ. ಅವಳು ಸೆರಗಿಗೆ ಬೆರಳು ಒರೆಸಿಕೊಂಡು ಎಳೆದಳು.

“ಮೊದಲಿಂದು ಎತ್ತಿನ ಬಂಡಿ. ಇದು ನಿಮ್ಮ ಮೆಟ್ರೋ.”

“ನನಗ ಎರಡೂ ಒಂದ ಕಾಣಸ್ತಾವ ಶರಣವ್ವ.”

ಅವಳು ನಗಲಿಲ್ಲ. ಫೋನು ವಾಪಸು ಕೊಟ್ಟಳು. ಡಾಕ್ಟರು, ಸರ್ಟಿಫಿಕೇಟು, ಗೋದಾಮು ಎಲ್ಲ ಹೇಳಿದೆ.

“ನಮ್ಮ ಕಣ್ಣಿಗೆ ಯಾರೂ ಕಾಗದ ಕೇಳಂಗಿಲ್ರಿ” ಅಂದಳು. ಆಮೇಲೆ, “ನೀವೇನ್ ಹೆದರಬ್ಯಾಡ್ರಿ. ನಿಮ್ಮ ಕೈಯಿಂದ ಬಂದದ್ದು ನನ್ನ ಕೈಮ್ಯಾಲೆ ಹೋಗ್ತೈತಿ. ಏನರ ಕಂಡ್ರ ನಿಮಗ ಹೇಳ್ತೀನಿ, ಮಾಲಕ್ ಸಾಬರಿಗೆ ಯಾಕ ಹೇಳ್ಲಿ?”

ಅಷ್ಟು ಹಗುರಾದದ್ದು ನನಗೆ ನೆನಪಿಲ್ಲ. ಆ ದಿನ ಅವಳ ಪಾಲಿನ ಇನ್ನರ್ಧ ರೊಟ್ಟಿಯನ್ನೂ ತಿಂದೆ.

ಡಾಕ್ಟರರ ಪರೀಕ್ಷೆ ಹತ್ತು ನಿಮಿಷದಲ್ಲಿ ಮುಗಿಯಿತು. ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನ ಅಕ್ಷರ ಓದಿದೆ. ಬಣ್ಣದ ಚುಕ್ಕೆಗಳ ನಡುವೆ ಅಡಗಿಸಿದ ಅಂಕಿಗಳನ್ನು ಅವರು ಪುಟ ತಿರುಗಿಸುವುದಕ್ಕೆ ಮೊದಲೇ ಹೇಳಿದೆ. ಎಲ್ಲ ಸರಿಯಾಗಿದೆ ಎಂದರು. ನನಗೆ ನಂಬಿಕೆ ಬರಲಿಲ್ಲ. ಅರವತ್ತು, ನೂರಿಪ್ಪತ್ತರ ದೂರು ಹೇಳಿದೆ.

“ಕೆಲವರಿಗೆ ಕಾಣುತ್ತೆ, ಕೆಲವರಿಗೆ ಇಲ್ಲ. ಅದು ರೋಗವಲ್ಲ” ಎಂದು ಕಾಗದಕ್ಕೆ ಮೊಹರು ಒತ್ತಿ, “ಫೋನು ಕಡಿಮೆ ನೋಡಿ” ಎಂದರು. ನನಗಿಂತ ಮುಂಚೆ ಒಳಗೆ ಹೋದ ಎಲ್ಲರಿಗೂ ಅವರು ಅದನ್ನೇ ಹೇಳಿದ್ದು ಬಾಗಿಲ ಸಂದಿಯಿಂದ ಕೇಳಿಸಿತ್ತು.

ಅಂದರೆ ಕಣ್ಣಿಗೆ ಏನೂ ಆಗಿರಲಿಲ್ಲ. ಅಲ್ಲಿಗೆ ನಾನು ನೆಮ್ಮದಿಯಿಂದ ಇರಬೇಕಿತ್ತು. ಆದರೆ ಚಿಂತೆ ಮಾಡುವವನ ಕೈಯಿಂದ ಒಂದು ಚಿಂತೆ ಕಿತ್ತುಕೊಂಡರೆ, ಅವನು ಖಾಲಿ ಕೈಯಲ್ಲಿ ಕೂರುವುದಿಲ್ಲ. ಕಣ್ಣು ಸರಿಯಿದ್ದರೆ ದೀಪ? ಸ್ಟ್ರೋಬಿನಲ್ಲಿ ಇದ್ದದ್ದು ಕೊನೆಯ ಬಲ್ಬು. ಹೊಸದನ್ನು ತರಿಸಲು ಹೇಳಿ ವಾರವಾಗಿತ್ತು, ಬಂದಿರಲಿಲ್ಲ. ಆಡಿಟರ ಎದುರಿಗೇ ಅದು ಸುಟ್ಟುಹೋದರೆ?

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ದೀಪದ ತಿರುಗಣೆಯನ್ನು ಅರ್ಧಕ್ಕೆ ಇಳಿಸಿದರೂ ಚಿತ್ರ ನಿಂತೇ ಇರುತ್ತದೆ. ಪ್ರತಿ ಪ್ಯಾಕೆಟ್ಟಿಗೆ ಒಂದು ಸಲ ಮಿಟುಕುವ ಬದಲು ಎರಡಕ್ಕೊಂದು ಸಲ ಮಿಟುಕುತ್ತದೆ, ಬಲ್ಬು ಎರಡರಷ್ಟು ದಿನ ಬಾಳುತ್ತದೆ. ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗದೆ ಉಳಿಯುವುದು ಒಂದೇ: ಒಂದು ಬಿಟ್ಟು ಒಂದು ಪ್ಯಾಕೆಟ್ಟನ್ನು ಯಾರೂ ನೋಡಿರುವುದಿಲ್ಲ. ಹಾಗೆ ಮಾಡಬಾರದು ಎಂಬುದು ಮಷೀನಿಗೆ ಬರುವ ಹೊಸಬರಿಗೆ ನಾನೇ ಹೇಳಿಕೊಡುವ ಮೊದಲ ಪಾಠ. ಆ ಗುರುವಾರ ಬೆಳಿಗ್ಗೆ, ಬಲ್ಬು ಉಳಿಯಲಿ ಎಂದು, ನಾನೇ ಅರ್ಧಕ್ಕೆ ಇಳಿಸಿದೆ.

ಮೆಟ್ರೋ ನಿಂತಿರಲಿಲ್ಲ. ಚಪ್ಪಲಿ ಸಿಕ್ಕಿರಲಿಲ್ಲ. ಅವಲಕ್ಕಿ ಸದ್ದಿಲ್ಲದೆ ಕೂತಿತ್ತು. ಆಡಿಟರು ತೆಳ್ಳಗಿನ, ಮೃದು ಮಾತಿನ ಮನುಷ್ಯ. ಸರ್ಟಿಫಿಕೇಟನ್ನು ನೋಡಿ, ನನ್ನ ಮುಖ ನೋಡಿ, ಸ್ಟ್ರೋಬಿನ ಬೆಳಕಿನಲ್ಲಿ ನಿಂತ ಮಾವಿನಕಾಯಿಗಳನ್ನು ನೋಡಿ, “ಬಹುತ್ ಅಚ್ಛಾ” ಎಂದರು. ಒಂದೊಂದು ಕಾಯಿಯೂ ಈಗಷ್ಟೇ ತೊಳೆದಿಟ್ಟಂತೆ ಹಸಿರಾಗಿ, ಚೊಕ್ಕಟವಾಗಿ ನಿಂತಿತ್ತು. ಮಾಲೀಕರು ನನ್ನ ಬೆನ್ನ ಮೇಲೆ ಕೈಯಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಆ ಕೈ ಅಷ್ಟು ಹೊತ್ತು ಅಲ್ಲಿ ಇದ್ದದ್ದು ಅದೇ ಮೊದಲು.

ಅವರಿಬ್ಬರೂ ಚಹಾಕ್ಕೆಂದು ಆಫೀಸಿನ ಕಡೆ ನಡೆದಾಗ ಶರಣಮ್ಮ ಬಂದಳು. ಕೈಯಲ್ಲಿ ಮಾರುದ್ದದ ಹಾಳೆ. ಮಷೀನಿನಿಂದ ಇಳಿದ ಮೊದಲ ಸುರುಳಿಯ ತುದಿಯಿಂದ ಕತ್ತರಿಸಿ ತಂದಿದ್ದಳು.

“ಅಣ್ಣಾರ, ಒಂದ್ ಬಿಟ್ಟ್ ಒಂದ್ ಕಾಯಿಗೆ ಹುಳ ಬಿದ್ದೈತ್ರಿ.”

ನಾಲ್ಕು ಮಾವಿನಕಾಯಿ. ಮೊದಲನೆಯದರ ಹೊಟ್ಟೆಯ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಎರಡನೆಯದು ಚೊಕ್ಕಟ. ಮೂರನೆಯದರ ಮೇಲೆ ಅದೇ ಜಾಗದಲ್ಲಿ ಚುಕ್ಕೆ. ನಾಲ್ಕನೆಯದು ಚೊಕ್ಕಟ. ನನಗೆ ಆ ಕ್ಷಣವೇ ಅರ್ಥವಾಯಿತು. ಅಚ್ಚಿನ ಉರುಳೆಯ ಒಂದು ಸುತ್ತಿಗೆ ಎರಡು ಪ್ಯಾಕೆಟ್ಟು. ಉರುಳೆಯ ಒಂದು ಮಗ್ಗುಲಿಗೆ ಗಾಯವಾಗಿದೆ. ನಾನು ಬೆಳಗಿನಿಂದ ಇನ್ನೊಂದು ಮಗ್ಗುಲನ್ನಷ್ಟೇ ನೋಡುತ್ತಾ ನಿಂತಿದ್ದೇನೆ.

ಮಷೀನು ನಿಲ್ಲಿಸಬೇಕಿತ್ತು. ಕೆಂಪು ಗುಂಡಿ ನನ್ನಿಂದ ಎರಡು ಹೆಜ್ಜೆ. ಆಫೀಸಿನ ಗಾಜಿನಾಚೆ ಆಡಿಟರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಮಷೀನು ನಿಂತರೆ ಆ ಸದ್ದು ನಿಲ್ಲುತ್ತದೆ, ಸದ್ದು ನಿಂತರೆ ಅವರು ತಲೆಯೆತ್ತುತ್ತಾರೆ.

“ಈಗ ಬ್ಯಾಡ” ಅಂದೆ. “ಅವರು ಹೋಗ್ಲಿ. ಆಮ್ಯಾಲೆ ನೋಡೂಣು.”

“ರೋಲ್ ಮುಂದ ಹೊಂಟಾವ್ರಿ ಅಣ್ಣಾರ. ನಾ ತಡೀಲೇನು?”

“ನಾ ಹೇಳ್ತೀನಿ. ನೀ ಹೋಗು. ನಿನ್ನ ಮಷೀನ್ ನಡೀಲಿ.”

ಅವಳು ಹಾಳೆಯನ್ನು ಮಡಚಿ ನನ್ನ ಕೈಗೆ ಕೊಟ್ಟು ಹೋದಳು. ನಾನು ಅದನ್ನು ಪ್ಯಾಂಟಿನ ಕಿಸೆಗೆ ತುರುಕಿದೆ. ತಿರುಗಣೆಯನ್ನು ಪೂರ್ತಿಗೆ ಏರಿಸಿ ನೋಡುವ ಧೈರ್ಯ ಬರಲಿಲ್ಲ, ಏರಿಸಿದರೆ ಕಾಣುತ್ತದೆ.

ಆಡಿಟರು ಬೇಗ ಹೋಗಲಿಲ್ಲ. ಮಾಲೀಕರು ಅವರನ್ನು ಊಟಕ್ಕೆ ಕರೆದೊಯ್ದರು. “ಮಾಸ್ಟರ್, ನೀವೂ ಬನ್ನಿ” ಎಂದರು. ನಾನು ಹೋದೆ. ಮಾಂಸವಿಲ್ಲದ ಬಿರಿಯಾನಿ ಎಂದು ನನಗೆ ತಂದಿಟ್ಟದ್ದರಲ್ಲಿ ಒಂದೊಂದೇ ಬಟಾಣಿ ಆರಿಸಿ ತಿಂದೆ. ನನ್ನ ಅನುಭವದ ಬಗ್ಗೆ ಆಡಿಟರು ಎರಡು ಒಳ್ಳೆಯ ಮಾತು ಹೇಳಿದರು. ಅವುಗಳನ್ನು ಮನೆಯಲ್ಲಿ ಹೇಳಿಕೊಳ್ಳಲು ನೆನಪಿಟ್ಟುಕೊಂಡೆ. ನಾವು ಮರಳುವ ಹೊತ್ತಿಗೆ ಸುರುಳಿಗಳೆಲ್ಲ ಕತ್ತರಿಸಿ ಪ್ಯಾಕೆಟ್ಟುಗಳಾಗಿ, ಡಬ್ಬಗಳಲ್ಲಿ ಕೂತು, ಲಾರಿ ಹತ್ತಿಯಾಗಿತ್ತು. ಆಗಲೂ ಹೇಳಬಹುದಿತ್ತು. ಲಾರಿ ಗೇಟಿನ ಒಳಗೇ ಇತ್ತು. ಸಾಸಿವೆ ಕಾಳಿನಷ್ಟು ಚುಕ್ಕೆ, ಯಾರು ನೋಡುತ್ತಾರೆ ಎಂದುಕೊಂಡೆ. ನೋಡುವುದೇ ಜೀವನವಾದವನು ಹಾಗೆಂದುಕೊಂಡೆ.

ಸೋಮವಾರ ಮಾಲೀಕರು ಕರೆಸಿದರು. ನನ್ನನ್ನೂ, ಶರಣಮ್ಮನನ್ನೂ. ಮೇಜಿನ ಮೇಲೆ ವಾಪಸು ಬಂದ ಪ್ಯಾಕೆಟ್ಟುಗಳು. ನಗೆ ಇರಲಿಲ್ಲ.

“ಹುಳ ಬಿದ್ದ ಮಾವಿನಕಾಯಿ ಚಿತ್ರ ಹಾಕಿಕೊಂಡು ನಾವು ಉಪ್ಪಿನಕಾಯಿ ಮಾರಬೇಕಾ ಅಂತ ಕೇಳ್ತಿದ್ದಾರೆ. ಮಾಸ್ಟರ್, ನೀವು ನೋಡುವಾಗ ಇತ್ತಾ ಇದು?”

“ನಾನು ನೋಡಿದ್ದರಲ್ಲಿ ಇರಲಿಲ್ಲ ಸಾಬ್.”

ಇದು ಸುಳ್ಳಲ್ಲ. ನಾನು ದೀಪದ ಬೆಳಕಿನಲ್ಲಿ ನೋಡಿದ ಅಷ್ಟೂ ಕಾಯಿಗಳು ಚೊಕ್ಕಟವಾಗಿದ್ದವು. ಹೀಗೊಂದು ವಾಕ್ಯ ಇಷ್ಟು ಸಲೀಸಾಗಿ ಸಿಕ್ಕಿತಲ್ಲ ಎಂದು ಒಳಗೊಳಗೇ ಬೆರಗೂ ಆಯಿತು. ಮಾಲೀಕರು ತಲೆಯಾಡಿಸಿದರು. ಕಣ್ಣು ಪಾಸಾದವನು ನಾನು, ಕಾಗದ ಅವರ ಫೈಲಿನಲ್ಲೇ ಇತ್ತು. ಅವರು ಶರಣಮ್ಮನ ಕಡೆ ತಿರುಗಿದರು.

“ತೂ ತೋ ಏಕ್ ಏಕ್ ಖೋಲ್ ಕೇ ದೇಖ್ತಿ ನಾ? ದಿಖಾ ನೈ ಕ್ಯಾ?”

ಒಂದೊಂದನ್ನೂ ಬಿಚ್ಚಿ ನೋಡುವವಳು ನೀನು, ಕಾಣಲಿಲ್ಲವೇ ಎಂದು. ಶರಣಮ್ಮ ನನ್ನ ಕಡೆ ನೋಡಿದಳು. ಹೆಚ್ಚು ಹೊತ್ತೇನಲ್ಲ. ಒಬ್ಬ ಮನುಷ್ಯ ಬಾಯಿ ತೆರೆಯಲು ಎಷ್ಟು ಹೊತ್ತು ಬೇಕೋ ಅಷ್ಟು. ಮಾರುದ್ದದ ಆ ಹಾಳೆಯನ್ನು ನಾನು ಶುಕ್ರವಾರವೇ ಮನೆಯ ಕಸದ ಬುಟ್ಟಿಗೆ, ತರಕಾರಿ ಸಿಪ್ಪೆಯ ಕೆಳಗೆ, ಹಾಕಿದ್ದೆ. ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನೋಡುತ್ತಾ ನಿಂತೆ. ಅದರೊಳಗೆ ನೀಲಿ ಹೂವು ಇತ್ತು, ಐದು ಎಸಳು.

“ನೈ ದಿಖಾ ಸಾಬ್” ಅಂದಳು.

ಮರುದಿನದಿಂದ ಅವಳು ಗೋದಾಮಿನಲ್ಲಿ. ರಿವೈಂಡರಿಗೆ ಬೇರೆಯವರು ಬಂದರು. ನನ್ನ ಜಾಗ ನನ್ನದೇ. ಹೊಸ ಬಲ್ಬೂ ಬಂತು. ಉರುಳೆ ದುರಸ್ತಿಯಾಯಿತು, ಉಪ್ಪಿನಕಾಯಿಯವರು ಸಮಾಧಾನವಾದರು, ಹೊಸ ಆರ್ಡರನ್ನೂ ಕೊಟ್ಟರು. ಮನೆಯಲ್ಲಿ ಸುಮಿತ್ರೆ, “ನೋಡ್ರಿ, ಸುಮ್ಮನ ತಿಂಗಳಗಟ್ಟಲೆ ಜೀವ ತಿಂದ್ರಿ. ಏನರ ಆತೇನು?” ಎಂದು ಕೇಳಿದಳು. ಯೋಚಿಸಿ ನೋಡಿದರೆ ನನ್ನ ಪಟ್ಟಿಯಲ್ಲಿದ್ದ ಯಾವುದೂ ಆಗಲಿಲ್ಲ. ಏನೂ ಆಗಲಿಲ್ಲ ಎಂದೇ ಹೇಳಿದೆ. ಆಗಿದ್ದರೆ ಒಂದೇ ಒಂದು, ಅದೂ ತೀರಾ ಸಣ್ಣದು, ಹೊರಗಿನವರಿಗೆ ಹೇಳಿದರೆ ಇದೇನು ಎಂದು ಕೇಳುವಂಥದು.

ಎಂಟು ದಿನ ಬಿಟ್ಟು, ಸುರುಳಿಯೊಂದು ಬೇಕಾಗಿ ನಾನೇ ಗೋದಾಮಿಗೆ ಹೋದೆ. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ತಗಡಿನ ಕೆಳಗೆ ಹೊಗೆಯಿಲ್ಲದ ಒಲೆಯಂಥ ಸೆಕೆ. ಶರಣಮ್ಮ ನೆಲದ ಮೇಲೆ ಕೂತು ಚೀಟಿಗಳಿಗೆ ಅಂಟು ಹಚ್ಚುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಎಂಟು ವರ್ಷದಲ್ಲಿ ನನ್ನನ್ನು ಕಂಡು ಅವಳು ಎದ್ದದ್ದಿಲ್ಲ.

“ಕೂಡು ಕೂಡು ಶರಣವ್ವ” ಅಂದೆ. “ಊಟ ಆತೇನು? ಇಲ್ಲಿ ಸೆಕಿ ಭಾಳ ಐತಿ. ನಾ ಸಾಬರ ಮುಂದ ಒಂದ್ ಮಾತ್ ಹೇಳ್ಬೇಕಂತ ಮಾಡೀನಿ. ಅವತ್ತ ನಾ…”

ಅವಳು ಕೈಯ ಅಂಟನ್ನು ಚಿಂದಿಯಿಂದ ಒರೆಸಿಕೊಂಡು, ರಿಜಿಸ್ಟರು ತೆರೆದು, ಪೆನ್ನು ಹಿಡಿದು, ಯಾವ ಸುರುಳಿ ಬೇಕೆಂದು ಹಿಂದಿಯಲ್ಲಿ ಕೇಳಿದಳು:

“ಕೌನ್ಸಾ ರೋಲ್ ಹೋನಾ ಸಾಬ್?”